ಅನಾಮಧೇಯ ವಾರ್ತೆ

ನ್ಯಾಯಶಾಸ್ತ್ರವು ಆಪ್ತನ ಮಾತನ್ನು ಮಾತ್ರ ಶಬ್ದಪ್ರಮಾಣವೆಂದು ಅಂಗೀಕರಿಸುವುದು. ವಿಷಯವನ್ನು ಯಥಾರ್ಥವಾಗಿ ಬಲ್ಲವನೂ ಬಲ್ಲುದನ್ನೇ ನುಡಿಯುವವನೂ ಆಪ್ತನು. ಹೇಳಿದವನಾರೆಂಬುದೇ ತಿಳಿಯದಿದ್ದರೆ ಅವನ ಆಪ್ತತ್ವವನ್ನು ನಿರ್ಣಯಿಸುವ ಬಗೆ ಯಾವುದು? ಮೊಬೈಲಿನಿಂದ ಮೊಬೈಲಿಗೆ ಹರಿದಾಡುವ ವಾಟ್ಸಾಪ್ ವಾರ್ತೆಯೆಂಬ ಹೊಸ ಗದ್ಯಪ್ರಕಾರವನ್ನು ವಿಮರ್ಶಿಸಹೊರಟವರಿಗೆ ಮೊದಲು ಎದುರಾಗುವ ತೊಡಕು ಇದೇ. ಅದರ ಶೈಲಿಯಲ್ಲಿ ಬಿರುಸುಂಟು. ಕರ್ತೃವಿನ ಹೆಸರಿಲ್ಲ, ಊರಿಲ್ಲ, ತೇದಿಯಿಲ್ಲ.

ಓಲೆಯ ಪ್ರತಿಗಳನ್ನು ಬಲ್ಲವರಿಗೆ ಈ ಕೊರತೆ ಎದ್ದು ಕಾಣುವುದು. ಹಿಂದಿನ ಲಿಪಿಕಾರರು ಗ್ರಂಥಾಂತ್ಯದಲ್ಲಿ ಸಂವತ್ಸರ, ಮಾಸ, ತಿಥಿಗಳನ್ನೂ ಅನೇಕ ವೇಳೆ ತಮ್ಮ ಹೆಸರನ್ನೂ ಬರೆದು, ಕಂಡಂತೆ ಬರೆದುದಾಗಿಯೂ ತಪ್ಪಿದ್ದರೆ ತಿದ್ದಿಕೊಳ್ಳಬೇಕಾಗಿಯೂ ವಾಚಕರನ್ನು ಬೇಡಿಕೊಳ್ಳುವುದುಂಟು. ನಕಲು ಮಾಡುವವನಿಗೂ ಹೊಣೆಯುಂಟೆಂಬ ಭಾವ ಅದು. ಬಂದುದನ್ನು ಕಳುಹಿಸಿದೆ, ಅಷ್ಟೇ, ಎಂಬ ಈಗಿನ ಸಮಾಧಾನ ಅವರಿಗೆ ಹೊಳೆದಿರಲಿಲ್ಲ.

ಹಾಗೆಂದು ಹಳೆಯ ಕ್ರಮವೆಲ್ಲ ಲೇಸೆನ್ನಲಾಗದು. ಮೂಡುಬಿದಿರೆಯ ಧವಲಾ ಗ್ರಂಥದ ಓಲೆಗಳು ಬಹುಕಾಲ ಬಸದಿಯಲ್ಲಿ ದರ್ಶನದ ವಸ್ತುವಾಗಿದ್ದುವೇ ಹೊರತು ಓದಿನ ವಸ್ತುವಾಗಿರಲಿಲ್ಲ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಆ ಗ್ರಂಥದ ಮೊದಲ ಸಂಪುಟವು ಅಚ್ಚಾದುದು 1939ರಲ್ಲಿ. ಆದುದರಿಂದ ಹರಡುವಿಕೆಯೇ ದೋಷವಲ್ಲ. 1843ರ ಜುಲೈ 1ರಂದು ಹೊರಟ ‘ಮಂಗಳೂರ ಸಮಾಚಾರ’ವೂ ಸುದ್ದಿಯನ್ನು ಹರಡಲೆಂದೇ ಕಲ್ಲಚ್ಚಿನಲ್ಲಿ ಮೂಡಿತು, ಆದರೆ ಅದಕ್ಕೆ ಮೋಗ್ಲಿಂಗರೆಂಬ, ಕೇಳಿದರೆ ಉತ್ತರ ಹೇಳಬಲ್ಲ, ಸಂಪಾದಕರಿದ್ದರು. 1867ರ ಕಾಯಿದೆಯಂತೂ ಅಚ್ಚಾದ ಕಾಗದದ ಮೇಲೆ ಮುದ್ರಕನ ಹೆಸರೂ ಮುದ್ರಣಸ್ಥಳವೂ ಇರಲೇಬೇಕೆಂದು ವಿಧಿಸಿತು.

ತೇದಿಯೊಂದು ಅಳಿದರೆ ಆಗುವ ಕೇಡನ್ನು ನೋಡಬೇಕು. 2019ರ ಆಗಸ್ಟಿನಲ್ಲಿ ಬೆಳ್ತಂಗಡಿ ತಾಲೂಕಿನ ತೋಟಗಳ ಮೇಲೆ ಮರಳು, ಮರದ ದಿಮ್ಮಿಗಳು ಬಂದು ಬಿದ್ದುದೂ ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಜರಿದುದೂ ಸತ್ಯ. ಅಂದಿನ ಚಿತ್ರವೇ ತೇದಿಯಿಲ್ಲದೆ ಮತ್ತೊಂದು ಮಳೆಗಾಲದಲ್ಲಿ ಬಂದರೆ, ಒಂದಕ್ಷರವೂ ಸುಳ್ಳಿಲ್ಲದೆ ಸುಳ್ಳಾಗುವುದು. ಬಂಟ್ವಾಳದ ಹೊಳೆಬದಿಯವರು ನಡುರಾತ್ರಿಯಲ್ಲಿ ಪಾತ್ರೆಪಗಡಿ ಕಟ್ಟುವರು. ಎರಡು ಸಲ ಹೀಗೆ ಮೋಸಹೋದವರು ಮೂರನೆಯ ಸಲ ನೇತ್ರಾವತಿ ನಿಜವಾಗಿ ಏರಿದಾಗ ನಂಬದೆ ಮಲಗಿಯಾರು.

ಕರ್ತೃವಿಲ್ಲದ ಮಾತು ಕೊಲ್ಲಲೂ ಬಲ್ಲುದು. 2018ರ ಜುಲೈಯಲ್ಲಿ ಬೀದರ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರು ಬಂದರೆಂಬ ವದಂತಿಯನ್ನು ನಂಬಿದ ಗುಂಪು ತರುಣನೊಬ್ಬನನ್ನು ಬಡಿದು ಕೊಂದಿತು. ಆತನ ಸಂಗಡಿಗರು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟು ಕೊಟ್ಟಿದ್ದರು, ನಡೆದುದು ಅಷ್ಟೇ. ಅದೇ ತಿಂಗಳಲ್ಲಿ ವಾಟ್ಸಾಪಿನವರು, ಬಂದುದನ್ನು ಮುಂದೆ ಕಳುಹಿಸಿದ ಸಂದೇಶಕ್ಕೆ ಒಂದು ಗುರುತನ್ನು ಹಚ್ಚತೊಡಗಿದರು; ಭಾರತದಲ್ಲಿ ಒಮ್ಮೆಗೆ 5 ಕಡೆಗೆ ಮಾತ್ರವೆಂಬ ಮಿತಿಯನ್ನೂ ಸಾರಿದರು. ಮಿತಿಯಿಂದ ಉಪಕಾರವಿಲ್ಲವೆನ್ನುವಂತಿಲ್ಲ. ಗುರುತಾದರೋ ಸಂದೇಶವು ಬೇರೆಡೆಯಿಂದ ಬಂದುದೆಂದು ಹೇಳುವುದೇ ಹೊರತು ಯಾರಿಂದ, ಎಲ್ಲಿಂದ, ಎಂದು ಹೊರಟಿತೆಂಬುದನ್ನು ಹೇಳದು.