ಕ್ಲಿನಿಕ್ ಇದ್ದರೆ ವಿಮೆ ಬೇಡವೇ?

ಅಮೆರಿಕದ ನಗರಗಳಲ್ಲಿ ಬಡವರ ಕೇರಿಗಳ ನಡುವೆ ನಡೆಯುವ ಲಾಭರಹಿತ ಸಮುದಾಯ ಆರೋಗ್ಯ ಕೇಂದ್ರಗಳನ್ನು ಹೊಗಳದವರಿಲ್ಲ. ಅಲ್ಲಿನ ಎರಡೂ ಪಕ್ಷಗಳು ಒಪ್ಪುವ ಬೆರಳೆಣಿಕೆಯ ಸಂಗತಿಗಳಲ್ಲಿ ಇದೊಂದು. ಕೈಯಲ್ಲಿ ದುಡ್ಡಿಲ್ಲವೆಂದು ಯಾರನ್ನೂ ವಾಪಸ್ ಕಳಿಸುವಂತಿಲ್ಲ. ಫೀಸು ಆದಾಯ ನೋಡಿ ನಿಗದಿಯಾಗುತ್ತದೆ. ಕಡುಬಡವರಿಗೆ ಅದು ಹೆಸರಿಗಷ್ಟೇ. ವರ್ಷಕ್ಕೆ 3 ಕೋಟಿಗೂ ಹೆಚ್ಚು ಜನ ಇವುಗಳನ್ನು ನೆಚ್ಚಿದ್ದಾರೆ. ಈ ಹೊಗಳಿಕೆಗೆ ನನ್ನ ತಕರಾರಿಲ್ಲ. ಅದರ ಬೆನ್ನಿಗೇ ಬರುವ ಮಾತಿಗೆ ಇದೆ: ಕ್ಲಿನಿಕ್ಕುಗಳು ಇವೆಯಲ್ಲ, ಇನ್ನು ಎಲ್ಲರಿಗೂ ವಿಮೆ ಏತಕ್ಕೆ?

ಜಾರ್ಜ್ ಡಬ್ಲ್ಯು. ಬುಷ್ ತಮ್ಮ ಆಡಳಿತದಲ್ಲಿ ಈ ಕೇಂದ್ರಗಳ ಅನುದಾನವನ್ನು ಹೆಚ್ಚುಕಡಿಮೆ ಎರಡು ಪಟ್ಟು ಮಾಡಿದರು. 2007ರಲ್ಲಿ ಮಕ್ಕಳ ವಿಮಾ ಯೋಜನೆಯನ್ನು ವಿಸ್ತರಿಸುವ ಮಸೂದೆ ಬಂದಾಗ ಅದನ್ನು ಎರಡು ಸಲ ವೀಟೊ ಮಾಡಿದವರೂ ಅವರೇ. ಒಂದು ಕೊಟ್ಟಮೇಲೆ ಇನ್ನೊಂದು ಬೇಡ ಎಂಬ ಧೋರಣೆ ಇಷ್ಟು ನಿಚ್ಚಳವಾಗಿ ಬೇರೆಲ್ಲೂ ಕಾಣದು.

ಈ ಧೋರಣೆಯ ತಪ್ಪು ತಿಳಿಯಬೇಕಾದರೆ ವಿಮೆಯಿಲ್ಲದ ಒಬ್ಬ ಹೆಂಗಸು ಇಂಥ ಕೇಂದ್ರಕ್ಕೆ ಬಂದಳು ಎಂದುಕೊಳ್ಳಿ. ಸಕ್ಕರೆ ಕಾಯಿಲೆಗೆ ಮಾತ್ರೆ ಸಿಗುತ್ತದೆ, ರಕ್ತಪರೀಕ್ಷೆ ಆಗುತ್ತದೆ. ಎದೆಯಲ್ಲಿ ಗಂಟು ಕೈಗೆ ಸಿಕ್ಕಿತೆನ್ನಿ. ಇನ್ನು ಬಯಾಪ್ಸಿ ಆಗಬೇಕು, ಸ್ಕ್ಯಾನ್ ಆಗಬೇಕು, ಬೇಕಾದರೆ ಶಸ್ತ್ರಚಿಕಿತ್ಸೆಯೂ. ಕೇಂದ್ರದ ಆಚೆ ಅದರ ರಿಯಾಯಿತಿ ನಡೆಯುವುದು ಅಪರೂಪ. ವೈದ್ಯರು ಚೀಟಿ ಬರೆದುಕೊಡಬಹುದು, ಆಸ್ಪತ್ರೆಗಳಿಗೆ ಫೋನ್ ಮಾಡಿ ಯಾರಾದರೂ ದಯೆ ತೋರಿ ನೋಡುತ್ತಾರೇನೋ ಎಂದು ಕೇಳಬಹುದು; ಕಾಯುವ ಪಟ್ಟಿಯಲ್ಲಿ ತಿಂಗಳುಗಳೇ ಕಳೆಯಬಹುದು. ರೋಗ ಇಂಥದ್ದೆಂದು ಹೇಳಿ, ಮದ್ದು ಮಾತ್ರ ನಿನಗಿಲ್ಲ ಎನ್ನುವ ಸ್ಥಿತಿಗೆ ಒಳ್ಳೆಯ ವೈದ್ಯರನ್ನು ದೂಡುವುದು ಕ್ರೌರ್ಯ. ಕ್ಲಿನಿಕ್ಕಿನ ಕೊರತೆಯಲ್ಲ ಇದು, ವಿಮೆಯ ಕೊರತೆ.

ಹಣದ ವಿಷಯಕ್ಕೆ ಬಂದರೂ ಅಷ್ಟೆ. ಇಲ್ಲಿಗೆ ಬರುವವರಲ್ಲಿ ಅರ್ಧದ ಹತ್ತಿರದಷ್ಟು ಜನ ಬಡವರಿಗಾಗಿ ಇರುವ ಮೆಡಿಕೇಡ್ ಎಂಬ ಸರ್ಕಾರಿ ವಿಮೆಯವರು. ಕೇಂದ್ರಗಳ ವರಮಾನದ ದೊಡ್ಡ ಪಾಲು ಬರುವುದೂ ಅಲ್ಲಿಂದಲೇ. ದಂತವೈದ್ಯರ, ದುಭಾಷಿಗಳ ಸಂಬಳ ದಾನಿಗಳ ಉದಾರತೆಯಿಂದ ಬರುತ್ತಿಲ್ಲ. ಟೆಕ್ಸಾಸ್, ಫ್ಲಾರಿಡಾಗಳಂತೆ ಮೆಡಿಕೇಡನ್ನು ಇನ್ನಷ್ಟು ಬಡವರಿಗೆ ವಿಸ್ತರಿಸುವುದು ಬೇಡವೆಂದ ರಾಜ್ಯಗಳು ತಮ್ಮ ಊರಿನ ಕ್ಲಿನಿಕ್ಕಿನ ಅನ್ನವನ್ನೇ ಕಿತ್ತುಕೊಂಡಿವೆ.

ಕ್ಲಿನಿಕ್ ಇದ್ದರೆ ವಿಮೆ ಬೇಡ ಎಂಬುದರ ತದ್ವಿರುದ್ಧದ ಮಾತೂ ಒಂದಿದೆ, ಅದನ್ನಾಡುವವರು ಸಜ್ಜನರೇ: ಎಲ್ಲರಿಗೂ ವಿಮೆ ಬಂದ ದಿನ ಈ ಕೇಂದ್ರಗಳನ್ನು ಮುಚ್ಚಬಹುದು. ಇದೂ ಸರಿಯಲ್ಲ. ಮೆಡಿಕೇಡ್ ಕಾನೂನಿಗೆ ಅಧ್ಯಕ್ಷ ಜಾನ್ಸನ್ ಸಹಿ ಬಿದ್ದದ್ದು 1965ರ ಜುಲೈನಲ್ಲಿ. ಅದೇ ವರ್ಷದ ಡಿಸೆಂಬರಿನಲ್ಲಿ, ಅದೇ ಸರ್ಕಾರದ ಹಣದಿಂದ, ಜ್ಯಾಕ್ ಗೀಗರ್ ಮತ್ತು ಕೌಂಟ್ ಗಿಬ್ಸನ್ ಎಂಬ ವೈದ್ಯರು ಬಾಸ್ಟನ್ನಿನ ಕೊಲಂಬಿಯಾ ಪಾಯಿಂಟ್ ವಸತಿಯಲ್ಲಿ ಕೇಂದ್ರ ತೆರೆದರು. ವಿಮೆಯ ಬದಲಿಗೆಂದು ಹುಟ್ಟಿದ್ದಲ್ಲ ಅದು. ನಗರದ ಕಸ ಸುರಿಯುತ್ತಿದ್ದ ಜಾಗದ ಪಕ್ಕದ ಆ ವಸತಿಯಿಂದ ದೊಡ್ಡಾಸ್ಪತ್ರೆ ದೂರ. ವಿಮೆಯ ಚೀಟಿ ಆ ದೂರವನ್ನು ಕಡಿಮೆ ಮಾಡುತ್ತಿರಲಿಲ್ಲ. ಗೀಗರ್ ಮುಂದೆ ಮಿಸಿಸಿಪ್ಪಿಯಲ್ಲಿ ತೆರೆದ ಇನ್ನೊಂದು ಕೇಂದ್ರದಲ್ಲಿ ಅಪೌಷ್ಟಿಕ ಮಕ್ಕಳಿಗೆ ಔಷಧಿ ಚೀಟಿಯಲ್ಲಿ ಆಹಾರವನ್ನೇ ಬರೆದುಕೊಟ್ಟು, ದಿನಸಿ ಅಂಗಡಿಯ ಬಿಲ್ಲನ್ನು ಔಷಧಿ ಲೆಕ್ಕದಲ್ಲಿ ಕಟ್ಟಿದರು. ಯಾವ ವಿಮಾ ಕಂಪನಿ ಇದನ್ನು ಮಾಡೀತು?

ಮ್ಯಾಸಚುಸೆಟ್ಸ್ ರಾಜ್ಯ 2006ರಲ್ಲಿ ಬಹುತೇಕ ಎಲ್ಲರಿಗೂ ವಿಮೆ ಒದಗಿಸುವ ಕಾನೂನು ತಂದಿತು. ವಿಮೆಯಿಲ್ಲದವರ ಪಾಲು ಅಲ್ಲಿನ ಕೇಂದ್ರಗಳಲ್ಲಿ ಇಳಿಯಿತು. ಒಟ್ಟು ರೋಗಿಗಳ ಸಂಖ್ಯೆ ಮಾತ್ರ ಏರಿತು. ಬೇರೆ ಕಡೆ ಹೋಗಬಹುದಾಗಿದ್ದವರೂ ಅಲ್ಲಿಗೇ ಬಂದರು. ನನಗೆ ಕಾಣುವ ಕಾರಣ, ಸರ್ಕಾರಿ ಅನುದಾನ ಪಡೆಯುವ ಕೇಂದ್ರಗಳ ಆಡಳಿತ ಮಂಡಳಿಯಲ್ಲಿ ಶೇ 51ರಷ್ಟಾದರೂ ಅಲ್ಲಿನ ರೋಗಿಗಳೇ ಇರಬೇಕೆಂಬ ನಿಯಮ. ಕೂಲಿ ಮುಗಿಸಿ ಬರುವವರಿಗಾಗಿ ಸಂಜೆ ಎಷ್ಟು ಹೊತ್ತಿನವರೆಗೆ ತೆರೆದಿರಬೇಕು, ಯಾವ ವೈದ್ಯಕೀಯ ಸೇವೆ ಮೊದಲು ಶುರುವಾಗಬೇಕು ಎಂಬುದನ್ನು ತೀರ್ಮಾನಿಸುವವರಲ್ಲಿ ಹೆಚ್ಚಿನವರು ಅಲ್ಲಿಗೇ ಮದ್ದಿಗೆ ಬರುವ ನೆರೆಹೊರೆಯವರು.