ಉಪಗೂಹನದ ಮರೆಯಲ್ಲಿ

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಐದನೆಯದಾದ ಉಪಗೂಹನವನ್ನು ನಮ್ಮ ಧಾರ್ಮಿಕ ಸಂಸ್ಥೆಗಳು ನೆನೆಯುವುದು ಹೆಚ್ಚಾಗಿ ಸಂಕಟಕಾಲದಲ್ಲಿ. ಬಸದಿಯ ಜಮಾಖರ್ಚನ್ನು ಶ್ರಾವಕನೊಬ್ಬನು ಕೇಳಿದಾಗ, ತ್ಯಾಗಿಯ ವೇಷದಲ್ಲಿರುವವರ ನಡತೆಯನ್ನು ಕುರಿತು ದೂರು ಬಂದಾಗ, “ಸಾಧರ್ಮಿಗಳ ದೋಷವನ್ನು ಬಯಲಿಗೆ ತರಬಾರದು; ಧರ್ಮಕ್ಕೆ ಅಪಕೀರ್ತಿ” ಎಂಬ ಉತ್ತರ ಸಿದ್ಧವಾಗಿರುತ್ತದೆ. ಈ ಉತ್ತರಕ್ಕೆ ಶಾಸ್ತ್ರದ ಆಧಾರವಿದೆಯೇ ಎಂಬುದನ್ನು ಪರಿಶೀಲಿಸುವುದು ಅವಶ್ಯ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಉಪಗೂಹನಕ್ಕೆ ಸ್ಪಷ್ಟವಾದ ಮೇರೆಯನ್ನು ಹಾಕಿದ್ದಾರೆ. ಮಾರ್ಗವು ಸ್ವತಃ ಶುದ್ಧ. ಅಜ್ಞಾನಿಗಳಿಂದಲೂ ಅಶಕ್ತರಿಂದಲೂ ಅದಕ್ಕೆ ತಗಲಿದ ನಿಂದೆಯನ್ನು ತೊಡೆಯುವುದೇ ಉಪಗೂಹನ. ಇಲ್ಲಿ ರಕ್ಷಣೆ ಮಾರ್ಗಕ್ಕೆ, ಅಪರಾಧಿಗಲ್ಲ. ತಿಳಿಯದೆ ಎಡವಿದವನಿಗೆ, ವ್ರತಪಾಲನೆಯಲ್ಲಿ ಸೋತವನಿಗೆ ಈ ಮಾತು ಅನ್ವಯಿಸುತ್ತದೆ. ತಿಳಿದೂ ತಿಳಿದೂ ದಾನದ ಹಣವನ್ನು ಬೇರೆಡೆಗೆ ತಿರುಗಿಸಿದವನು ಅಜ್ಞಾನಿಯೂ ಅಲ್ಲ, ಅಶಕ್ತನೂ ಅಲ್ಲ.

ಈ ಅಂಗಕ್ಕೆ ಆಚಾರ್ಯರು ಹೆಸರಿಸಿದ ನಿದರ್ಶನ ಜಿನೇಂದ್ರಭಕ್ತ ಶ್ರೇಷ್ಠಿ. ಪ್ರಭಾಚಂದ್ರರ ಟೀಕೆಯಲ್ಲಿ ಬರುವ ಅವನ ಕಥೆ ನಮ್ಮಲ್ಲಿ ಅನೇಕರಿಗೆ ಪರಿಚಿತವೇ. ತಾಮ್ರಲಿಪ್ತಿಯಲ್ಲಿದ್ದ ಅವನ ಜಿನಗೃಹದ ಪಾರ್ಶ್ವನಾಥ ಪ್ರತಿಮೆಯ ಮುಕ್ಕೊಡೆಯಲ್ಲಿ ವೈಡೂರ್ಯವಿತ್ತು. ಚೋರನೊಬ್ಬನು ಕ್ಷುಲ್ಲಕನ ವೇಷ ತೊಟ್ಟು ಬಂದು, ವಿಶ್ವಾಸ ಗಳಿಸಿ, ಅದರ ಕಾವಲಿಗೆ ನಿಂತನು. ಶ್ರೇಷ್ಠಿಯು ಪ್ರಯಾಣ ಹೊರಟ ರಾತ್ರಿಯೇ ಮಣಿಯನ್ನು ಕದ್ದು ಓಡಿದನು. ತಳವಾರರು ಬೆನ್ನಟ್ಟಿದಾಗ ಶ್ರೇಷ್ಠಿಯ ಬಳಿಗೇ ಬಂದು ಮೊರೆಹೊಕ್ಕನು. “ನಾನು ಹೇಳಿದ್ದರಿಂದಲೇ ಇವನು ತಂದನು” ಎಂದು ಶ್ರೇಷ್ಠಿಯು ತಳವಾರರನ್ನು ಕಳುಹಿಸಿದನು. ಕಥೆಯನ್ನು ಇಲ್ಲಿಗೇ ನಿಲ್ಲಿಸುವವರೇ ಹೆಚ್ಚು. ಆದರೆ ಅದೇ ರಾತ್ರಿ ಶ್ರೇಷ್ಠಿಯು ಆ ವೇಷಧಾರಿಯನ್ನು ಹೊರಗಟ್ಟಿದನು. ಕಾವಲನ್ನು ಅವನಿಗೆ ಮತ್ತೆ ಒಪ್ಪಿಸಲಿಲ್ಲ.

ಇಂದಿನ ಆಡಳಿತ ಮಂಡಳಿಗಳು ಕಥೆಯ ಮೊದಲರ್ಧವನ್ನು ಆಚರಿಸಿ ಉತ್ತರಾರ್ಧವನ್ನು ಮರೆತಿವೆ. ದೋಷ ಮುಚ್ಚಿಹೋಗುತ್ತದೆ; ದೋಷಿಯು ಅದೇ ಪೀಠದಲ್ಲಿ, ಅದೇ ಕೀಲಿಕೈಯೊಡನೆ ಉಳಿಯುತ್ತಾನೆ. ಮುಂದಿನ ಪಂಚಕಲ್ಯಾಣದಲ್ಲಿ ಅವನಿಗೇ ಹಾರ, ಶಾಲು, ಬಿರುದು. ಪ್ರಶ್ನೆ ಕೇಳಿದವನು ಮಾತ್ರ ಧರ್ಮದ್ರೋಹಿ.

ಲೆಕ್ಕದ ವಿಷಯದಲ್ಲಂತೂ ಶಾಸ್ತ್ರ ವ್ಯಾಪಾರಿಗಿಂತ ಬಿಗಿ. ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯವು ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನೂ ನ್ಯಾಸಾಪಹಾರವನ್ನೂ ಎಣಿಸುತ್ತದೆ. ಮೊದಲನೆಯದು ಸುಳ್ಳು ಪತ್ರ ಬರೆಯುವುದು. ಎರಡನೆಯದಕ್ಕೆ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಕೊಟ್ಟ ಅರ್ಥ ಗಮನಾರ್ಹ: ಇಟ್ಟ ಹಣದ ಮೊತ್ತವನ್ನು ಮರೆತವನು ಕಡಿಮೆ ಕೇಳಿದಾಗ “ಹೌದು, ಅಷ್ಟೇ” ಎಂದು ಒಪ್ಪಿಬಿಡುವುದು. ಪೆಟ್ಟಿಗೆ ಒಡೆಯಬೇಕಾಗಿಲ್ಲ, ಇಟ್ಟವನ ಮರೆವನ್ನು ಬಳಸಿಕೊಂಡರೆ ಸಾಕು. ಸವಾಲಿನಲ್ಲಿ ಕಲಶ ಹಿಡಿದವರು, ಮೃತ ತಾಯಿಯ ಹೆಸರಿನಲ್ಲಿ ನಿತ್ಯಪೂಜಾನಿಧಿ ಇಟ್ಟವರು ವರ್ಷಗಳ ನಂತರ ಲೆಕ್ಕ ಕೇಳುವುದಿಲ್ಲ. ಅವರು ಕೇಳದಿರುವುದೇ ಸಂಸ್ಥೆಗೆ ಅನುಕೂಲವಾಗಿದ್ದರೆ ಅದು ಈ ಅತಿಚಾರಕ್ಕೆ ದೂರವಲ್ಲ. ತೆರಿಗೆ ಇಲಾಖೆಗಾಗಿ ಅಢಾವೆ ಪತ್ರಿಕೆ ಸಿದ್ಧವಾಗುತ್ತದೆ, ದಾನಿಗೆ ಮಾತ್ರ ಅದರ ದರ್ಶನವಿಲ್ಲ.

ಹಾಗೆಂದು ಬೀದಿಯ ಅಪವಾದವನ್ನು ಶಾಸ್ತ್ರ ಒಪ್ಪುವುದಿಲ್ಲ. ಅದೇ ಸೂತ್ರವು ಅನ್ಯರ ಏಕಾಂತವನ್ನು ಹೊರಗೆಡಹುವ ರಹೋಭ್ಯಾಖ್ಯಾನವನ್ನೂ ಅತಿಚಾರವೆಂದಿದೆ. ಹೆಸರಿಲ್ಲದ ಕರಪತ್ರ ಹಂಚುವವನು ಸತ್ಯವ್ರತಿಯಲ್ಲ. ಆದರೆ ಒಬ್ಬನ ಸ್ವಂತ ದೌರ್ಬಲ್ಯ ಬೇರೆ, ಸಮಾಜದ ನಿಕ್ಷೇಪ ಬೇರೆ. ಇನ್ನೊಬ್ಬರಿಗೆ ಹಾನಿಯಾದ ಕಡೆ ಏಕಾಂತದ ನೆಪ ಸಲ್ಲದು.

ಅಂಗಗಳ ಕ್ರಮವೂ ವಿಚಾರಾರ್ಹ. ಉಪಗೂಹನಕ್ಕೆ ಮೊದಲು ಅಮೂಢದೃಷ್ಟಿ, ಅನಂತರ ಸ್ಥಿತಿಕರಣ. ಮೊದಲು ಮರುಳಾಗದ ಕಣ್ಣಿನಿಂದ ದೋಷವನ್ನು ಕಾಣಬೇಕು. ಕೊನೆಗೆ ಜಾರಿದವನನ್ನು ಮತ್ತೆ ಧರ್ಮದಲ್ಲಿ ನಿಲ್ಲಿಸಬೇಕು. ಕಾಣುವುದನ್ನೂ ತಿದ್ದುವುದನ್ನೂ ಬಿಟ್ಟು ಮುಚ್ಚುವುದೊಂದನ್ನೇ ಹಿಡಿದರೆ ಅದು ಅಂಗವಲ್ಲ, ಅಂಗವೈಕಲ್ಯ.

“ಅನ್ಯರು ನಗುತ್ತಾರೆ” ಎಂಬ ಅಂಜಿಕೆಗೆ ಹುರುಳಿಲ್ಲ. ಊರಿಗೆಲ್ಲ ತಿಳಿದದ್ದನ್ನು ಮಂಡಳಿಯೊಂದೇ ಅರಿಯದಂತೆ ಕುಳಿತಾಗಲೇ ನಗೆ ಹೆಚ್ಚು. ಮನೆಯ ಮಕ್ಕಳು ಬಸದಿಯಿಂದ ದೂರವಾಗುವುದಕ್ಕೆ ಇದೂ ಒಂದು ಕಾರಣ.

ಭಾದ್ರಪದದ ದಶಲಕ್ಷಣ ಪರ್ವದಲ್ಲಿ ಉತ್ತಮ ಸತ್ಯಕ್ಕೆಂದು ಒಂದು ದಿನವಿದೆ. ಅಂದು ಪ್ರವಚನ ಮುಗಿದ ಮೇಲೆ ವರ್ಷದ ಆಯವ್ಯಯವನ್ನು ಸಭೆಯ ಮುಂದೆ ಓದಿ, ನಿಧಿಗಳ ಪಟ್ಟಿಯನ್ನು ಬಸದಿಯ ಗೋಡೆಗೆ ಹಚ್ಚುವುದಕ್ಕೆ ಅರ್ಧ ಗಂಟೆ ಸಾಕು. ಯಾವ ಮಂಡಳಿಗೆ ಆ ಅರ್ಧ ಗಂಟೆ ದುಬಾರಿಯೋ ಅಲ್ಲಿಯ ಶ್ರಾವಕರು ಕಾರಣ ಕೇಳಲು ಹಿಂಜರಿಯಬೇಕಾಗಿಲ್ಲ.