ಒಂದೇ ಲೇಖನಿ, ಒಂದೇ ಕಂಠ

ನಮ್ಮ ಕಡೆಯ ಮದುವೆ ಮನೆಗಳಲ್ಲಿ ಮೈಕ್‌ಸೆಟ್ಟಿನವನು ಬೆಳಗಿನ ಜಾವ ಭಕ್ತಿಗೀತೆ ಹಾಕಿ, ತಿಂಡಿಯ ಹೊತ್ತಿಗೆ ಚಿತ್ರಗೀತೆಗೆ ಬರುತ್ತಿದ್ದ. ಊಟದ ಪಂಕ್ತಿಗಳೆಲ್ಲ ಎದ್ದು ಜನ ಚಪ್ಪರದ ಕೆಳಗೆ ಅಡ್ಡಾಗುವಾಗ ಸಿನಿಮಾದ ಸಂಭಾಷಣೆಯ ಕ್ಯಾಸೆಟ್ ಹಾಕುತ್ತಿದ್ದ. ‘ಬಬ್ರುವಾಹನ’ವನ್ನು ನಾನು ನೋಡುವುದಕ್ಕೂ ಮೊದಲು ಕೇಳಿದ್ದು ಹಾಗೆ. ಅರ್ಜುನ ಎಲ್ಲಿ ಹಂಗಿಸುತ್ತಾನೆ, ತಾಯಿಯ ಶೀಲದ ಮಾತು ಬಂದಾಗ ಮಗ ಎಲ್ಲಿ ಕೆರಳುತ್ತಾನೆ ಎಂಬುದೆಲ್ಲ ದನಿಯ ಏರಿಳಿತದಲ್ಲೇ ತಿಳಿಯುತ್ತಿತ್ತು. ಮುಂದೆ ಟೆಂಟಿನಲ್ಲಿ ಆ ಚಿತ್ರ ನೋಡಿದಾಗ ಹೊಸದಾಗಿ ಸಿಕ್ಕಿದ್ದು ಬಣ್ಣ, ಕಿರೀಟ, ಒಂದಿಷ್ಟು ಬಾಣಗಳು. ಕಥೆ ಆಗಲೇ ಕಿವಿಯಲ್ಲಿ ನಡೆದುಹೋಗಿತ್ತು.

ಕಿವಿಗಾಗಿ ಬರೆದ ಈ ಸಿನಿಮಾಕ್ಕೆ ಒಬ್ಬ ಕರ್ತೃ ಇದ್ದ. ಕನ್ನಡ ಅವನನ್ನು ‘ಚಿತ್ರಸಾಹಿತಿ’ ಎಂದು ಕರೆಯಿತು. ಹಳೆಯ ಚಿತ್ರಗಳ ಟೈಟಲ್ ಕಾರ್ಡ್ ನೋಡಿ: ಕಥೆ ಒಬ್ಬರದು, ಚಿತ್ರಕಥೆ ಹಲವು ಸಲ ನಿರ್ದೇಶಕರದೇ. ಸಂಭಾಷಣೆ ಮತ್ತು ಗೀತೆಗಳು ಮಾತ್ರ ಒಂದೇ ಸಾಲಿನಲ್ಲಿ, ಒಂದೇ ಹೆಸರಿನ ಮುಂದೆ. ಆಡುವ ಮಾತನ್ನೂ ಹಾಡುವ ಮಾತನ್ನೂ ಒಬ್ಬನೇ ಬರೆಯುವ ಈ ಪದ್ಧತಿಯೇ ನಮ್ಮ ಸುವರ್ಣಯುಗದ ಬರವಣಿಗೆಯ ಬೆನ್ನೆಲುಬು ಎಂಬುದು ನನ್ನ ನಂಬಿಕೆ. ಅದರ ಶಕ್ತಿಯೂ ಮಿತಿಯೂ ಅತ್ಯಂತ ಸ್ಪಷ್ಟವಾಗಿ ಕಾಣುವುದು ಚಿ. ಉದಯಶಂಕರ್ ಅವರಲ್ಲಿ.

ಉದಯಶಂಕರ್ ಹುಟ್ಟಿದ್ದು 1934ರ ಫೆಬ್ರವರಿ 18ರಂದು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ತೆರೆಗೆ ಬಂದದ್ದು ಅದೇ ವರ್ಷದ ಮಾರ್ಚ್ 3ರಂದು. ಮಾತನಾಡುವ ಕನ್ನಡ ಸಿನಿಮಾಕ್ಕಿಂತ ಅವರು ಹದಿಮೂರು ದಿನ ದೊಡ್ಡವರು. ಕೊಲ್ಹಾಪುರದಲ್ಲಿ ತಯಾರಾದ ಆ ಚಿತ್ರಕ್ಕೆ ಮಾತು, ಹಾಡು ಬರೆದವರು ಬೆಳ್ಳಾವೆ ನರಹರಿಶಾಸ್ತ್ರಿ. ಗುಬ್ಬಿ ಕಂಪನಿಗೆ ನಾಟಕ ಬರೆದು ಪಳಗಿದ ಕೈ ಅದು. ಕ್ಯಾಮೆರಾ ಬಂದಾಗ ನಮ್ಮಲ್ಲಿ ಯಾರೂ ಹೊಸದಾಗಿ ಚಿತ್ರಕಥೆ ಬರೆಯಲು ಕಲಿಯಲಿಲ್ಲ. ರಂಗದ ಮೇಲಿದ್ದ ಪ್ರತಿಯೇ ಸ್ಟುಡಿಯೊದ ಒಳಕ್ಕೆ ನಡೆದು ಬಂತು.

ಇದನ್ನು ದೋಷವೆಂದೇ ಹೇಳುವುದು ವಾಡಿಕೆ. ಆದರೆ ಕಂಪನಿ ನಾಟಕ ತನ್ನ ಬರಹಗಾರನಿಗೆ ಕಲಿಸಿದ ಪಾಠ ಸಣ್ಣದಲ್ಲ. ಕೊನೆಯ ಸಾಲಿನಲ್ಲಿ ನೆಲದ ಮೇಲೆ ಕೂತವನಿಗೂ ಮಾತು ತಲುಪಬೇಕು. ಒಂದು ಉಸಿರಿಗೆ ಎಷ್ಟು ಹಿಡಿಸುತ್ತದೋ ಅಷ್ಟೇ ಒಂದು ವಾಕ್ಯ. ಭಾವ ಮಾತಿನಲ್ಲಿ ತುಂಬಿ, ಇನ್ನು ಹಿಡಿಯಲಾರದು ಎನ್ನುವಾಗ ಹಾಡಾಗಬೇಕು. ಹಾಡು ಮುಗಿದ ಕಡೆ ಮಾತು ಅದೇ ಶ್ರುತಿಯಲ್ಲಿ ಎತ್ತಿಕೊಳ್ಳಬೇಕು. ಜಿ.ವಿ. ಅಯ್ಯರ್, ಹುಣಸೂರು ಕೃಷ್ಣಮೂರ್ತಿ, ಕು.ರ. ಸೀತಾರಾಮಶಾಸ್ತ್ರಿ ಇವರೆಲ್ಲ ಈ ಬಗೆಯ ಬರವಣಿಗೆಯಲ್ಲಿ ಬೆಳೆದವರು. ಅಯ್ಯರ್ ಅವರ ‘ಬೇಡರ ಕಣ್ಣಪ್ಪ’ ಮೊದಲು ನಾಟಕ, 1954ರಲ್ಲಿ ಸಿನಿಮಾ. ಮುತ್ತುರಾಜ ಎಂಬ ಕಂಪನಿ ನಟ ಆ ಚಿತ್ರದಿಂದ ರಾಜ್‌ಕುಮಾರ್ ಆದದ್ದು ಎಲ್ಲರಿಗೂ ಗೊತ್ತಿರುವ ಕಥೆ.

ಈ ಹಿರಿಯರಲ್ಲಿ ನನಗೆ ಹುಣಸೂರರೇ ಹೆಚ್ಚು ಇಷ್ಟ. 1965ರ ‘ಸತ್ಯ ಹರಿಶ್ಚಂದ್ರ’ದಲ್ಲಿ ಅವರು ನಿರ್ದೇಶಕರೂ ಹೌದು, ಬರಹಗಾರರೂ ಹೌದು. ಉದಯಕುಮಾರರ ವಿಶ್ವಾಮಿತ್ರ ಮಾತಾಡುವ ಕನ್ನಡಕ್ಕೂ ನರಸಿಂಹರಾಜು ಅವರ ನಕ್ಷತ್ರಿಕ ಮಾತಾಡುವ ಕನ್ನಡಕ್ಕೂ ಎಂ.ಪಿ. ಶಂಕರ್ ಅವರ ವೀರಬಾಹು ಮಾತಾಡುವ ಕನ್ನಡಕ್ಕೂ ಮೂರು ಬೇರೆ ನಡಿಗೆ ಇದೆ. ಋಷಿಯ ಮಾತು ಸಂಸ್ಕೃತದ ಭಾರ ಹೊತ್ತು ಮೇಲಿಂದ ಇಳಿಯುತ್ತದೆ, ನಕ್ಷತ್ರಿಕನದು ಕಾಲಿಗೆ ತೊಡರಿಕೊಳ್ಳುತ್ತದೆ. ಸ್ಮಶಾನದ ಒಡೆಯನ ಮಾತು ಮಣ್ಣಿನ ಮೇಲೆ ಗಟ್ಟಿಯಾಗಿ ಕಾಲೂರಿ ನಿಲ್ಲುತ್ತದೆ. ಕುಲದಲ್ಲಿ ಮೇಲು ಕೀಳನ್ನು ಪ್ರಶ್ನಿಸುವ ಹಾಡನ್ನು ಹುಣಸೂರರು ಈ ವೀರಬಾಹುವಿನ ಬಾಯಿಗೆ ಇಟ್ಟರು. ಪುರಾಣದ ಚೌಕಟ್ಟನ್ನು ಒಂದಿಷ್ಟೂ ಒಡೆಯದೆ ಆ ಒಂದು ಹಾಡಿನಿಂದ ಅವರು ಅದರ ತಳವನ್ನು ಅಲುಗಿಸಿದರು. ನಾಟಕದ ವಾಸನೆ ಎಂದು ಮೂಗು ಮುರಿಯುವವರು ಇದನ್ನು ಗಮನಿಸಬೇಕು. ಯಾರ ಬಾಯಲ್ಲಿ ಯಾವ ಮಾತು ಎಂಬ ನಿರ್ಧಾರವೇ ಇಲ್ಲಿ ಚಿತ್ರಕಥೆ.

ಉದಯಶಂಕರ್ ಬಂದದ್ದು ಈ ಮನೆಯ ಎರಡನೇ ತಲೆಮಾರಾಗಿ. ತಂದೆ ಚಿ. ಸದಾಶಿವಯ್ಯ ಸ್ವತಃ ಚಿತ್ರಸಾಹಿತಿ. ಮಗನ ಮೊದಲ ಚಿತ್ರ 1963ರ ‘ಸಂತ ತುಕಾರಾಂ’. ಅಲ್ಲಿಂದ 1993ರಲ್ಲಿ ತೀರಿಕೊಳ್ಳುವವರೆಗೆ ಮೂವತ್ತು ವರ್ಷ ಅವರು ಬರೆದ ಹಾಡುಗಳ ಲೆಕ್ಕ ಸಾವಿರಗಳಲ್ಲಿದೆ. ಅವರ ಕಾಲದ ಮೊದಲರ್ಧದಲ್ಲಿ ಕನ್ನಡ ಚಿತ್ರಗಳ ಬಹುಪಾಲು ಕೆಲಸ ನಡೆಯುತ್ತಿದ್ದದ್ದು ಮದರಾಸಿನಲ್ಲಿ. ಸುತ್ತಲೂ ತಮಿಳು, ತೆಲುಗು. ಸಂಗೀತ ನಿರ್ದೇಶಕರ ಹಾರ್ಮೋನಿಯಂ ಪಕ್ಕದಲ್ಲಿ ಕೂತು ಬೆಳಿಗ್ಗೆ ಹಾಡು, ಸಂಜೆ ಮರುದಿನದ ಚಿತ್ರೀಕರಣಕ್ಕೆ ಮಾತು. ಆ ಅವಸರದ ಗುರುತು ಅವರ ಸಾಧಾರಣ ಚಿತ್ರಗಳಲ್ಲಿ ಧಾರಾಳವಾಗಿ ಇದೆ. ಒಂದೇ ಪ್ರಾಸ ಹತ್ತು ಹಾಡುಗಳಲ್ಲಿ ತಿರುಗಿ ಬರುತ್ತದೆ. ಅವನ್ನು ಬಿಡೋಣ.

ಅವರು ನಿಜವಾಗಿ ಮಾಡಿದ್ದು ಒಂದು ಇಳಿಸುವ ಕೆಲಸ. ಕಂಪನಿ ನಾಟಕದ ಮಾತನ್ನು ಅಟ್ಟದಿಂದ ಇಳಿಸಿ ನಡುಮನೆಗೆ ತಂದರು. ಅವರ ಅಪ್ಪ ಮಗನ ಜೊತೆ, ಅತ್ತಿಗೆ ಮೈದುನನ ಜೊತೆ ಮಾತಾಡುವಾಗ ವಾಕ್ಯ ಚಿಕ್ಕದು, ಕ್ರಿಯಾಪದ ಮನೆಯದು, ಸಂಸ್ಕೃತ ಪದ ಬಂದರೆ ಅದು ಪೂಜೆಯಲ್ಲೋ ಗಾದೆಯಲ್ಲೋ ಆಗಲೇ ಬಳಕೆಯಾಗಿದ್ದದ್ದು. ಆದರೆ ಕೆಳಗೆ ತಾಳ ಹಾಗೇ ಉಳಿಯಿತು. ಅವರ ಸಂಭಾಷಣೆಯನ್ನು ಗಟ್ಟಿಯಾಗಿ ಹೇಳಿ ನೋಡಿದರೆ ನಾಲಿಗೆ ಎಲ್ಲೂ ಎಡವುವುದಿಲ್ಲ. ಇದು ನಾಟಕದಿಂದ ಬಂದ ಪಿತ್ರಾರ್ಜಿತ.

1971ರ ‘ಕಸ್ತೂರಿ ನಿವಾಸ’ ಈ ಕಲೆಯ ಎತ್ತರ. ಕಥೆ ಜಿ. ಬಾಲಸುಬ್ರಹ್ಮಣ್ಯಂ ಅವರದು, ನಿರ್ದೇಶನ ದೊರೈ–ಭಗವಾನ್ ಜೋಡಿಯದು, ಮಾತು–ಹಾಡು ಉದಯಶಂಕರರದು. ಬೆಂಕಿಪೊಟ್ಟಣದ ಕಾರ್ಖಾನೆಯ ಒಡೆಯ ರವಿವರ್ಮ ಕೊಟ್ಟೇ ಬಾಳಿದವನು. ಕೊನೆಗೆ ಎಲ್ಲ ಕಳೆದುಕೊಂಡ ಮನೆಗೆ ನೀಲಾ ಎಂಬವಳು ಬರುತ್ತಾಳೆ, ತನ್ನ ಮಗುವಿಗಾಗಿ ಅವನ ಪಾರಿವಾಳ ಕೇಳುತ್ತಾಳೆ. ಆ ಪಾರಿವಾಳ ಅವಳ ಊಟಕ್ಕಾಗಿಯೇ ಕೈಬಿಟ್ಟುಹೋಗಿದೆ. ಇಂಥ ಸನ್ನಿವೇಶವನ್ನು ಹಳೆಯ ಕಂಪನಿಯ ಕವಿಗೆ ಕೊಟ್ಟಿದ್ದರೆ ವಿಧಿಯ ಮೇಲೆ ಒಂದು ಕಂದಪದ್ಯ ಖಂಡಿತ ಬರುತ್ತಿತ್ತು. ಉದಯಶಂಕರ್ ಆ ಮನುಷ್ಯನಿಂದ ಮಾತನ್ನು ಕಿತ್ತುಕೊಳ್ಳುತ್ತಾರೆ. ಇಡೀ ಚಿತ್ರದಲ್ಲಿ ‘ಇಲ್ಲ’ ಎಂಬ ಪದವನ್ನು ಅವನಿಗೆ ಅಭ್ಯಾಸವೇ ಆಗದ ಹಾಗೆ ಬೆಳೆಸಿ, ಅದೊಂದೇ ಪದ ಬೇಕಾದ ಘಳಿಗೆಗೆ ತಂದು ನಿಲ್ಲಿಸುತ್ತಾರೆ. ಬೀಳಿಸಿದರೂ ಏಳುವ ಬೊಂಬೆಯ ಹಾಡು ಮೊದಲೇ ನಮ್ಮ ಕಿವಿಯಲ್ಲಿ ಇರುವುದರಿಂದ, ಅವನು ಬಿದ್ದಾಗ ಅದನ್ನು ನೆನಪಿಸಿಕೊಡಲು ಯಾರೂ ಮಾತಾಡಬೇಕಿಲ್ಲ. ಹಾಡು ಬರೆದವನೇ ಮಾತು ಬರೆದಿದ್ದರಿಂದ ಆದ ಲಾಭ ಇದು. ಎಲ್ಲಿ ಹಾಡು ಕೆಲಸ ಮುಗಿಸಿದೆಯೋ ಅಲ್ಲಿ ಮಾತು ಸುಮ್ಮನಿರಬಹುದು ಎಂದು ಅವನಿಗೆ ಗೊತ್ತು.

ಆಮೇಲೆ 1974 ಬಂತು. ‘ಸಂಪತ್ತಿಗೆ ಸವಾಲ್’ನಲ್ಲಿ ಎಮ್ಮೆಯ ಮೇಲೆ ಕೂತ ಭದ್ರನ ಹಾಡನ್ನು ರಾಜ್‌ಕುಮಾರ್ ತಾವೇ ಹಾಡಿದರು. ಅದಕ್ಕೂ ಮೊದಲು ಒಂದೆರಡು ಕಡೆ ಹಾಡಿದ್ದರೂ, ಅಲ್ಲಿಯವರೆಗೆ ಅವರ ಹಾಡಿನ ದನಿಯೆಂದರೆ ಪಿ.ಬಿ. ಶ್ರೀನಿವಾಸ್. ಆ ಮಧುರ, ಮೆತ್ತನೆಯ ಕಂಠ ಕನ್ನಡಿಗರಿಗೆ ಎಷ್ಟು ಪ್ರಿಯವೋ ಅಷ್ಟೇ ನಿಜವಾದ ಸಂಗತಿ, ಮಾತಿನಿಂದ ಹಾಡಿಗೆ ದಾಟುವಾಗ ನಡುವೆ ಒಂದು ಸಣ್ಣ ಹೊಸ್ತಿಲು ಇರುತ್ತಿತ್ತು. ಈಗ ಹೊಸ್ತಿಲು ಹೋಯಿತು. ಒಂದೇ ಲೇಖನಿ ಬರೆದದ್ದನ್ನು ಒಂದೇ ಕಂಠ ಆಡಿತು, ಹಾಡಿತು. ಹಿಂದಿಯಲ್ಲಿ, ತಮಿಳಿನಲ್ಲಿ ಹಿನ್ನೆಲೆ ಗಾಯಕರ ರಾಜ್ಯ ಅಚಲವಾಗಿದ್ದ ಕಾಲದಲ್ಲಿ ನಮ್ಮಲ್ಲಿ ಕಂಪನಿ ನಾಟಕದ ಹಳೆಯ ನಿಯಮ, ನಟನೇ ಗಾಯಕ ಎಂಬುದು, ಹೀಗೆ ಬೇರೆ ಬಾಗಿಲಿಂದ ಮರಳಿ ಬಂತು. ಉದಯಶಂಕರ್ ಅದರ ಪೂರ್ತಿ ಲಾಭ ಪಡೆದರು. ರಾಜ್ ಅವರ ಉಸಿರಿನ ಉದ್ದ, ಅವರು ‘ಳ’ಕಾರವನ್ನು ಸವಿಯುವ ರೀತಿ, ಮಹಾಪ್ರಾಣಕ್ಕೆ ಕೊಡುವ ಮರ್ಯಾದೆ ಎಲ್ಲವನ್ನೂ ಅಳೆದು ಬಟ್ಟೆ ಹೊಲಿಯುವವನಂತೆ ಬರೆದರು.

1983ರ ‘ಕವಿರತ್ನ ಕಾಳಿದಾಸ’ವನ್ನು ಈ ದೃಷ್ಟಿಯಿಂದ ಮತ್ತೆ ನೋಡಬೇಕು. ಕುರುಬ ಕವಿಯಾಗುವ ಕಥೆಗೆ ಬೇಕಾದದ್ದು ವೇಷದ ಬದಲಾವಣೆಗಿಂತ ಹೆಚ್ಚಾಗಿ ಭಾಷೆಯ ಬದಲಾವಣೆ. ಮೊದಲ ಭಾಗದಲ್ಲಿ ಕುರಿ ಕಾಯುವವನ ಮುಗ್ಧ, ಮೊಂಡು, ನಗಿಸುವ ಮಾತು. ಕಾಳಿಯ ಕೃಪೆಯಾದ ಮೇಲೆ ಅದೇ ಗಂಟಲಿನಿಂದ ನಿರರ್ಗಳ ಗ್ರಾಂಥಿಕ. ಎರಡೂ ನಂಬುವ ಹಾಗಿವೆ ಎಂಬುದೇ ಬರವಣಿಗೆಯ ಗೆಲುವು. ಬೆಳ್ಳಾವೆ ಶಾಸ್ತ್ರಿಗಳ ಮಾತಿನಿಂದ ನಡುಮನೆಯ ಮಾತಿನವರೆಗೆ ಕನ್ನಡ ಸಿನಿಮಾ ನಡೆದ ಐವತ್ತು ವರ್ಷದ ದಾರಿ ಅಲ್ಲಿ ಹಿಂದುಮುಂದಾಗಿ ಕಾಣುತ್ತದೆ.

ಇಷ್ಟು ಮೆಚ್ಚಿದ ಮೇಲೆ ನನ್ನ ತಕರಾರುಗಳನ್ನು ಮುಚ್ಚಿಡುವುದು ಆ ಹಿರಿಯರಿಗೆ ಮಾಡುವ ಗೌರವವಲ್ಲ.

‘ಸಂಪತ್ತಿಗೆ ಸವಾಲ್’ ಮೂಲತಃ ಪಿ.ಬಿ. ಧುತ್ತರಗಿ ಅವರ ನಾಟಕ. ಉತ್ತರ ಕರ್ನಾಟಕದ ವೃತ್ತಿರಂಗಭೂಮಿಯಲ್ಲಿ ಹುಟ್ಟಿ ಬೆಳೆದದ್ದು. ಸಿನಿಮಾದಲ್ಲಿ ಭದ್ರ ಮಾತಾಡುವುದು ಹಳೆ ಮೈಸೂರಿನ ಹಳ್ಳಿಯ ಮಾತು. ಇದು ಒಂದು ಚಿತ್ರದ ವಿಷಯವಾಗಿದ್ದರೆ ಬಿಡಬಹುದಿತ್ತು. ಈ ಪರಂಪರೆ ಮೂವತ್ತು ವರ್ಷ ಇದನ್ನೇ ಮಾಡಿತು. ಧಾರವಾಡದ, ಕಲಬುರಗಿಯ, ಮಂಗಳೂರಿನ ಕನ್ನಡ ತೆರೆಯ ಮೇಲೆ ಬಂದಾಗ ನಗಿಸಲು ಬಂತು, ನಾಯಕನಾಗಿ ಬರಲಿಲ್ಲ. ಎಲ್ಲರಿಗೂ ಅರ್ಥವಾಗುವ ಒಂದು ಕನ್ನಡವನ್ನು ಕಟ್ಟಿದ್ದು ದೊಡ್ಡ ಕೆಲಸ. ಏಕೀಕರಣವಾಗಿ ಹೆಚ್ಚು ವರ್ಷವಾಗಿರದ ನಾಡಿಗೆ ಅದು ಬೇಕಾಗಿಯೂ ಇತ್ತು. ಆದರೆ ‘ಎಲ್ಲರ ಕನ್ನಡ’ ಎಂಬ ಹೆಸರಿನಲ್ಲಿ ಗೆದ್ದದ್ದು ಕೆಲವು ಜಿಲ್ಲೆಗಳ ಕನ್ನಡ. ಬಾಗಲಕೋಟೆಯ ಪ್ರೇಕ್ಷಕ ತನ್ನ ಊರಿನ ನಾಟಕವನ್ನು ಬೇರೆಯವರ ಉಚ್ಚಾರದಲ್ಲಿ ನೋಡಿ ಚಪ್ಪಾಳೆ ತಟ್ಟಿದ. ಆ ಚಪ್ಪಾಳೆಯನ್ನು ಸಮ್ಮತಿ ಎಂದುಕೊಂಡೆವು.

ಎರಡನೆಯದು ಹೆಣ್ಣಿನ ಮಾತು. ಅದೇ ಚಿತ್ರದಲ್ಲಿ ಮಂಜುಳಾ ಅವರ ದುರ್ಗಾಳಿಗೆ ಮೊದಲರ್ಧದಲ್ಲಿ ಸಿಕ್ಕ ಚುರುಕು ನಾಲಿಗೆ ಅವಳನ್ನು ಪಳಗಿಸುವುದಕ್ಕೆಂದೇ ಕೊಟ್ಟದ್ದು. ಪಳಗಿದ ಮೇಲೆ ಅವಳ ಮಾತಿನಲ್ಲಿ ಉಪ್ಪಿಲ್ಲ. ಒಂದೇ ಕಂಠಕ್ಕೆ ಹೊಲಿದ ಬಟ್ಟೆ ಉಳಿದವರಿಗೆ ಬಿಗಿಯಾಗುತ್ತದೆ. ಇದಕ್ಕೆ ಹೊರತಾದವು ಇವೆ, ಮತ್ತು ಅವು ಎಲ್ಲಿವೆ ಎಂಬುದು ಮುಖ್ಯ. ಅದೇ 1974ರ ‘ಎರಡು ಕನಸು’ ಚಿತ್ರದಲ್ಲಿ ಕಲ್ಪನಾ ಅವರ ಗೌರಿಗೆ ತನ್ನದೇ ನೋವು, ತನ್ನದೇ ಸಂಯಮ, ತನ್ನದೇ ಪದಗಳಿವೆ. ಆ ಕಥೆ ವಾಣಿಯವರ ಕಾದಂಬರಿ. ಮೂಲದಲ್ಲಿ ಒಬ್ಬ ಲೇಖಕಿ ಹೆಣ್ಣಿಗೆ ದನಿ ಕೊಟ್ಟಿದ್ದರೆ ಉದಯಶಂಕರ್ ಅದನ್ನು ಪ್ರೀತಿಯಿಂದ ಕಾಪಾಡಿದರು. ಕೊಟ್ಟಿಲ್ಲದ ಕಡೆ ತಾವಾಗಿ ಹುಡುಕಲು ಹೋಗಲಿಲ್ಲ.

ಅದಕ್ಕೇ ನಾನು ಅವರನ್ನು ಕಥೆಗಾರ ಎನ್ನಲು ಹಿಂಜರಿಯುತ್ತೇನೆ. ‘ಮಯೂರ’ಕ್ಕೆ ದೇವುಡು, ‘ಸನಾದಿ ಅಪ್ಪಣ್ಣ’ನಿಗೆ ಕೃಷ್ಣಮೂರ್ತಿ ಪುರಾಣಿಕ, ‘ನಾಗರಹಾವು’ಗೆ ತ.ರಾ.ಸು., 1976ರ ‘ಪ್ರೇಮದ ಕಾಣಿಕೆ’ಗೆ ಮುಂಬೈಯ ಸಲೀಂ–ಜಾವೇದ್ ಜೋಡಿ. ಅಸ್ಥಿಪಂಜರ ಯಾವಾಗಲೂ ಬೇರೆಡೆಯಿಂದ ಬಂತು. ಮುಂಬೈಯಲ್ಲಿ ಆ ಜೋಡಿ ಚಿತ್ರಕಥೆಗಾರನ ಹೆಸರನ್ನು ಪೋಸ್ಟರ್‌ಗೆ ಏರಿಸುತ್ತಿದ್ದ ಹೊತ್ತಿನಲ್ಲಿ ನಮ್ಮ ಚಿತ್ರಸಾಹಿತಿ ಪರರ ಕಥೆಗೆ ಉಸಿರು ತುಂಬುತ್ತಿದ್ದರು. ಉಸಿರು ತುಂಬುವುದು ಕಡಿಮೆ ಕೆಲಸವಲ್ಲ. ಆದರೂ ದೃಶ್ಯವನ್ನು ದೃಶ್ಯವಾಗಿ ಯೋಚಿಸುವ ಬರಹಗಾರ ಈ ಶಾಲೆಯಿಂದ ಬರಲಿಲ್ಲ. ‘ಸನಾದಿ ಅಪ್ಪಣ್ಣ’ದಲ್ಲಿ ಬಿಸ್ಮಿಲ್ಲಾ ಖಾನರ ಶಹನಾಯಿ ಮೊಳಗುವಾಗ ಮಾತು ತಾನಾಗಿ ಹಿಂದೆ ಸರಿಯುತ್ತದೆ, ಅಂಥ ಬಿಡುವು ಅಪರೂಪ. 1964ರಷ್ಟು ಹಿಂದೆಯೇ ಎನ್. ಲಕ್ಷ್ಮೀನಾರಾಯಣ್ ‘ನಾಂದಿ’ಯಲ್ಲಿ ಕಿವಿ ಕೇಳದ, ಮಾತು ಬಾರದ ಜನರ ಬದುಕನ್ನು ತೋರಿಸಿದ್ದರು. 1970ರಲ್ಲಿ ‘ಸಂಸ್ಕಾರ’ಕ್ಕೆ ಗಿರೀಶ ಕಾರ್ನಾಡರು ಬರೆದ ಚಿತ್ರಕಥೆಯಲ್ಲಿ ಹಾಡೇ ಇಲ್ಲ. ಸ್ವತಃ ಜಿ.ವಿ. ಅಯ್ಯರ್ ಆ ಕಡೆಗೆ ದಾಟಿ ‘ಹಂಸಗೀತೆ’ ಮಾಡಿದರು. ಅಂಥವರನ್ನು ಬಿಟ್ಟರೆ ಎರಡು ಶಾಲೆಗಳೂ ಒಂದೇ ಊರಿನಲ್ಲಿದ್ದು ಒಂದರ ಅಂಗಳಕ್ಕೆ ಇನ್ನೊಂದು ಕಾಲಿಡದೆ ಉಳಿದದ್ದು ಎರಡಕ್ಕೂ ನಷ್ಟ. ಹೊಸ ಅಲೆಯ ಎಷ್ಟೋ ಚಿತ್ರಗಳಲ್ಲಿ ಪಾತ್ರಗಳು ಪುಸ್ತಕ ಓದಿದಂತೆ ಮಾತಾಡುವುದನ್ನು ಕೇಳುವಾಗ, ಉದಯಶಂಕರರ ಕಿವಿಯನ್ನು ಒಂದು ತಿಂಗಳಾದರೂ ಕಡ ತರಬಾರದಿತ್ತೆ ಎನ್ನಿಸುತ್ತದೆ.

ಈ ತಪ್ಪು ಸಾಹಿತ್ಯ ವಿಮರ್ಶೆಯದೂ ಹೌದು. ಕನ್ನಡ ಗದ್ಯದ ಚರಿತ್ರೆ ಬರೆದವರು ನವೋದಯ, ಪ್ರಗತಿಶೀಲ, ನವ್ಯ ಎಂದು ಪುಟ ಹಂಚುವಾಗ, ಲಕ್ಷಾಂತರ ಜನ ಬಾಯಿಪಾಠ ಮಾಡಿದ ಗದ್ಯಕ್ಕೆ ಅರ್ಧ ಪುಟ ಕೊಡಲಿಲ್ಲ. ಟಾಕೀಸಿನ ಬಾಗಿಲಲ್ಲಿ ಹಾಡಿನ ಪುಸ್ತಕ ಮಾರಾಟವಾಗುತ್ತಿತ್ತು, ಹಾಗಾಗಿ ಹಾಡುಗಳಾದರೂ ಅಚ್ಚಾದವು. ಸಂಭಾಷಣೆಯ ಪ್ರತಿ ಚಿತ್ರೀಕರಣ ಮುಗಿದ ದಿನವೇ ರದ್ದಿ. ‘ಸಾಹಿತ್ಯ ರತ್ನ’ ಎಂಬ ಬಿರುದು ಹೊತ್ತ ಬರಹಗಾರನ ಸಾಹಿತ್ಯದ ಅರ್ಧಭಾಗವನ್ನು ಇವತ್ತು ಓದಬೇಕೆಂದರೆ ಚಿತ್ರ ಹಾಕಿಕೊಂಡು, ನಿಲ್ಲಿಸಿ ನಿಲ್ಲಿಸಿ, ನಾವೇ ಬರೆದುಕೊಳ್ಳಬೇಕು. ಈ ಲೇಖನಕ್ಕಾಗಿ ನಾನು ಮಾಡಿದ್ದೂ ಅದನ್ನೇ.

1987ರ ‘ಪ್ರೇಮಲೋಕ’ದ ಹೊತ್ತಿಗೆ ಬೇರೆ ಗಾಳಿ ಬೀಸತೊಡಗಿತ್ತು. ಹಂಸಲೇಖ ಪದವನ್ನು ರಾಗದ ಜೊತೆ ಕಟ್ಟಿದರು. ಬರೆಯುವವರೂ ಅವರೇ, ಸ್ವರ ಹಾಕುವವರೂ ಅವರೇ. ಲೇಖನಿಗೆ ಕಂಠದ ಜೊತೆಗಿದ್ದ ಗಂಟು ಬಿಚ್ಚಿ ಹಾರ್ಮೋನಿಯಂ ಜೊತೆ ಬಿತ್ತು. ಕಾಲೇಜಿನ ಹುಡುಗರ ಮಾತು ಚುಟುಕಾಯಿತು, ಇಂಗ್ಲಿಷ್ ಬೆರೆಯಿತು.

ಅದಾದ ಐದು ವರ್ಷಕ್ಕೆ, ಕೆಲಕಾಲದ ಬಿಡುವಿನ ನಂತರ ರಾಜ್‌ಕುಮಾರ್ ‘ಜೀವನ ಚೈತ್ರ’ದಲ್ಲಿ ಮರಳಿದರು. ಕಾದಂಬರಿ ವಿಶಾಲಾಕ್ಷಿ ದಕ್ಷಿಣಾಮೂರ್ತಿಯವರದು, ಸಂಗೀತ ಉಪೇಂದ್ರಕುಮಾರ್. ಹಿಮದ ಬೆಟ್ಟಗಳ ನಡುವೆ ನಾಯಕ ನಾದವನ್ನು ಸ್ತುತಿಸುವ ಹಾಡನ್ನು ಉದಯಶಂಕರ್ ಬರೆದರು. ಅದನ್ನು ಹಾಡಿದ್ದಕ್ಕೆ ರಾಜ್ ಅವರಿಗೆ ಆ ಸಾಲಿನ ಅತ್ಯುತ್ತಮ ಹಿನ್ನೆಲೆ ಗಾಯಕ ರಾಷ್ಟ್ರಪ್ರಶಸ್ತಿ ಬಂತು. ಅರವತ್ತು ದಾಟಿದ ಆ ಕಂಠ ಎಲ್ಲಿ ಉಸಿರು ತೆಗೆದುಕೊಳ್ಳುತ್ತದೆ ಎಂದು ಗಮನಿಸಿ ಕೇಳಿ. ಉಸಿರು ಬೇಕಾದ ಕಡೆಯಲ್ಲೆಲ್ಲ ಪದ ಮುಗಿದಿರುತ್ತದೆ. ಮರುವರ್ಷದ ಜುಲೈಯಲ್ಲಿ ಉದಯಶಂಕರ್ ತೀರಿಕೊಂಡರು. ಆಗ ಅವರಿಗೆ ಐವತ್ತೊಂಬತ್ತು.